ಹುಳುಮನೆಯ ಡೆಡ್‌ಲೈನ್

ನಮ್ಮ ಹುಳುಮನೆಯ ಹೊಸಿಲಿನ ಮುಂದೆ ಗೇಣಗಲದ ಒಂದು ಬಿಳಿ ಗೆರೆ ಇರುತ್ತದೆ. ಸುಣ್ಣದ ಪುಡಿಗೆ ಬ್ಲೀಚಿಂಗ್ ಪೌಡರ್ ಬೆರೆಸಿ ಉದುರಿಸಿದ್ದು. ರೇಷ್ಮೆ ಹುಳು ಒಳಗಿರುವಷ್ಟು ದಿನ ಅದನ್ನು ಯಾರೆಂದರೆ ಅವರು ದಾಟುವ ಹಾಗಿಲ್ಲ. ಬೀದಿಯಲ್ಲಿ ಮೆಟ್ಟಿದ ಚಪ್ಪಲಿ ದಾಟುವ ಹಾಗಿಲ್ಲ, ಮುಟ್ಟಾದವರು ದಾಟುವ ಹಾಗಿಲ್ಲ, ಸಾವಿನ ಮನೆಗೆ ಹೋಗಿ ಬಂದವರಂತೂ ಆ ಕಡೆ ತಿರುಗಿ ನೋಡುವ ಹಾಗೂ ಇಲ್ಲ. ಫೋನಿಗೂ ಒಳಗೆ ಪ್ರವೇಶವಿರಲಿಲ್ಲ. ಹತ್ತು ಕೈ ಮುಟ್ಟಿದ ವಸ್ತು ಎಂದು ಸೊಸೆ ಅದನ್ನು ಹೊರಗಿನ ಕಿಟಕಿಯ ಮೇಲೆ, ನನ್ನ ಕುರ್ಚಿಯ ಪಕ್ಕ ಇಟ್ಟು ಒಳಗೆ ಹೋಗುತ್ತಿದ್ದಳು. ನನಗೆ ಸ್ವಂತ ಫೋನಿಲ್ಲ. ಮಾಲೂರಿನಲ್ಲಿರುವ ನನ್ನ ಅಕ್ಕ ಮಾತಾಡಬೇಕೆಂದರೂ ಆ ನಂಬರಿಗೇ ಮಾಡುತ್ತಾಳೆ.

ತಾಯಲೂರಿನ ಸುತ್ತಮುತ್ತ ಅದನ್ನು ಎಲ್ಲರೂ ಸುಣ್ಣದ ಗೆರೆ ಅನ್ನುತ್ತಾರೆ. ಡೆಡ್‌ಲೈನ್ ಅನ್ನುವವಳು ನಾನೊಬ್ಬಳೇ. ಆ ಪದ ಹುಟ್ಟಿದಾಗ ಗಡಿಯಾರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಅದು ನೆಲದ ಮೇಲಿನ ಗೆರೆಯೇ ಆಗಿತ್ತು.

ನನಗೆ ಅದನ್ನು ಕಲಿಸಿದವರು ಕಾನ್ವೆಂಟಿನ ಒಬ್ಬ ಸಿಸ್ಟರ್. ಅಪ್ಪ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಹೆಣ್ಣುಮಕ್ಕಳು ಇಂಗ್ಲಿಷ್ ಕಲಿಯಲಿ ಎಂದು ನನ್ನನ್ನೂ ಅಕ್ಕನನ್ನೂ ಚಿನ್ನದ ಗಣಿಯ ಊರಿನ ಬೋರ್ಡಿಂಗಿಗೆ ಹಾಕಿದರು. ಅಲ್ಲಿ ಊಟದ ಹಾಲಿನ ಹೊರಗಿನ ವೆರಾಂಡದಲ್ಲಿ ಸಿಸ್ಟರ್ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದರು. ಬಾಯಿಂದ ಕನ್ನಡವೋ ತೆಲುಗೋ ಬಿದ್ದವರು ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆಯುವ ತನಕ ಅದರ ಆಚೆ ನಿಲ್ಲಬೇಕು. "ದಿಸ್ ಈಸ್ ದ ಡೆಡ್‌ಲೈನ್, ಗರ್ಲ್ಸ್," ಎಂದು ಮೊದಲ ದಿನವೇ ಅದರ ಕತೆಯನ್ನೂ ಹೇಳಿದ್ದರು. ಅಮೆರಿಕದಲ್ಲಿ ಅಣ್ಣತಮ್ಮಂದಿರು ಕಾದಾಡಿದ ಯುದ್ಧದಲ್ಲಿ ಒಂದು ಸೆರೆಮನೆ ಇತ್ತಂತೆ. ಸುತ್ತ ಮರದ ದಿಮ್ಮಿಗಳ ಬೇಲಿ, ಬೇಲಿಯಿಂದ ಕೆಲವು ಮಾರು ಒಳಗೆ ಮೊಳಕಾಲೆತ್ತರಕ್ಕೆ ಹಲಗೆ ಬಡಿದ ಒಂದು ಗೆರೆ. ಕೈದಿ ಅದರ ಮೇಲೆ ಕೈಯಿಟ್ಟರೂ ಸಾಕು, ಅಟ್ಟಣೆಯ ಮೇಲಿನ ಕಾವಲುಗಾರ ಗುಂಡು ಹೊಡೆಯುತ್ತಿದ್ದ. ಕೂಗಿ ಎಚ್ಚರಿಸುವುದೇನಿಲ್ಲ. ಸೆರೆಮನೆಯೊಳಗೆ ಹರಿಯುವ ಹಳ್ಳದ ನೀರು ರೊಚ್ಚೆ, ಗೆರೆಯ ಬುಡದಲ್ಲಿ ಮಾತ್ರ ಸ್ವಲ್ಪ ತಿಳಿ. ಆ ತಿಳಿನೀರಿಗೆ ಕೈ ಚಾಚಿ ಸತ್ತವರು ಬಹಳ ಮಂದಿಯಂತೆ.

ನಾವು ಕಣ್ಣರಳಿಸಿ ಕೇಳಿದೆವು. ಆಮೇಲೆ ಅದನ್ನೇ ಆಟವಾಡಿದೆವು.

ನಾನು ಕ್ಲಾಸ್ ಮಾನಿಟರ್. ಒಂದು ಮಧ್ಯಾಹ್ನ ನನ್ನ ಪಕ್ಕದ ಮಂಚದ ಹುಡುಗಿ ಗೆರೆಯಾಚೆ ನಿಂತಿದ್ದಳು. ಬಿಸಿಲಿಗೆ ತುಟಿ ಒಣಗಿ, "ನೀರು ಕೊಡೇ" ಅಂದಳು. ಕನ್ನಡದಲ್ಲಿ ಕೇಳಿದಳು ಎಂದು ನಾನು ಅವಳ ಹೆಸರನ್ನು ಇನ್ನೊಂದು ದಿನಕ್ಕೂ ಬರೆದೆ. ಆಮೇಲೆ ನೀರಿನ ಲೋಟ ತಂದು ಗೆರೆಯ ಈಚೆಗೆ, ಅವಳ ಕೈಗೆ ಎಟುಕುವಷ್ಟು ಹತ್ತಿರ ಇಟ್ಟು, ಏನು ಮಾಡುತ್ತಾಳೆ ನೋಡೋಣ ಎಂದು ಕಂಬಕ್ಕೊರಗಿ ನಿಂತೆ. ಅವಳು ಕೈ ಚಾಚಲಿಲ್ಲ. ಸಾಯಂಕಾಲ ಆ ನೀರನ್ನು ನಾನೇ ಕುಡಿದೆ.

ಮುಂದೆ ಮುಳಬಾಗಿಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದೆ. ಗುಂಡು ಹೊಡೆಯುವ ಆ ಗೆರೆ ಮುದ್ರಣದವರ ಕೈಗೆ ಹೇಗೋ ಬಂದಿತ್ತು ಎಂದು ಡಿಕ್ಷನರಿಯಲ್ಲಿ ಓದಿ ಆಶ್ಚರ್ಯಪಟ್ಟಿದ್ದೆ. ಪ್ರೆಸ್ಸಿನ ಹಾಸಿನ ಮೇಲೆ ಒಂದು ಗುರುತು, ಅದನ್ನು ಮೀರಿ ಅಕ್ಷರದ ಮೊಳೆ ಜೋಡಿಸಿದರೆ ಅಚ್ಚು ಬೀಳುವುದಿಲ್ಲ. ಸ್ಕೂಲ್ ಮ್ಯಾಗಝೀನ್ ಅಚ್ಚು ಹಾಕಿಸಲು ಕೋಲಾರಕ್ಕೆ ಹೋದಾಗ ಪ್ರೆಸ್ಸಿನ ಯಜಮಾನರಿಗೆ, ಆ ಗೆರೆ ತೋರಿಸಿ ಎಂದು ದುಂಬಾಲು ಬಿದ್ದೆ. ಅವರು ಕನ್ನಡಕ ಹಣೆಗೇರಿಸಿ, "ಅಂಥದ್ದೇನೂ ಇಲ್ಲ ಮೇಡಂ. ಅಚ್ಚು ಎಲ್ಲಿ ಬೀಳಲ್ವೋ ಅಲ್ಲಿ ಬೀಳಲ್ಲ, ಅಷ್ಟೇ. ನೀವು ಶುಕ್ರವಾರದೊಳ್ಗೆ ಪ್ರೂಫ್ ನೋಡ್ಕೊಟ್ರೆ ದೊಡ್ಡ ಉಪಕಾರ" ಅಂದರು. ಪತ್ರಿಕೆಯವರು ಅದನ್ನೇ ಮುಂದೆ ಗಂಟೆಯ ಲೆಕ್ಕಕ್ಕೆ ಎಳೆದರು. ಅಲ್ಲಿಂದ ಅದು ಆಫೀಸಿಗೆ ಬಂತು, ನಮ್ಮ ಸ್ಟಾಫ್‌ರೂಮಿಗೆ ಬಂತು. ಈಗ ಗೊಬ್ಬರದಂಗಡಿಯವನು ಕೂಡ "ಅಪ್ಲಿಕೇಷನ್ನಿಗೆ ಡೆಡ್‌ಲೈನ್ ಎಕ್ಸ್‌ಟೆಂಡ್ ಆಯ್ತಂತೆ ಮೇಡಂ" ಅನ್ನುತ್ತಾನೆ. ಗುಂಡು ಹೊಡೆಯುವವನು ಎಲ್ಲಿಗೆ ಹೋದನೋ, ಯಾರಿಗೂ ನೆನಪಿಲ್ಲ.

ನಮ್ಮಲ್ಲಿ ಅದಕ್ಕೆ ಗಡುವು ಎಂಬ ಮಾತಿದೆ. ತೆಲುಗಿನಲ್ಲೂ ಗಡುವೇ. ಅದರಲ್ಲಿ ರಕ್ತವಿಲ್ಲ. ಗಡುವನ್ನು ಕೊಡುವವನೊಬ್ಬ ಇರುತ್ತಾನೆ, ಕೈ ಮುಗಿದರೆ ಇನ್ನೆರಡು ದಿನ ಸೇರಿಸುತ್ತಾನೆ.

ಹೋದ ವರ್ಷ ಮಾವಿನ ಹೂ ಬಿಡುವ ಕಾಲದಲ್ಲಿ ನನ್ನ ಸೊಸೆ ನನ್ನನ್ನು ಕೇಳಿದ್ದು ಅಂಥದ್ದೊಂದನ್ನು.

ಅವಳದು ತವರು ರಾಯಲ್ಪಾಡು. ಅಪ್ಪನನ್ನು ನಾಯ್ನ ಎಂದು ಕರೆಯುತ್ತಾಳೆ. ತಾಯಿಯಿಲ್ಲದ ಮಗಳನ್ನು ಆತ ಮಾವಿನ ತೋಟದಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಸಾಕಿದ್ದ. ಆ ಸಲದ ಹುಳು ನಾಲ್ಕನೇ ಜ್ವರ ಎದ್ದು ಮೂರನೇ ದಿನ. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ವಾರ ಪೂರ್ತಿ ಅವು ತಿನ್ನುವುದೇ ಕೆಲಸ. ಆಮೇಲೆ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆ ಏರುತ್ತವೆ. ಆ ವಾರ ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ಜಳ್ಳು. ಹಿಂದಿನ ಎರಡು ಬೆಳೆ ಸಪ್ಪೆರೋಗ ಬಂದು, ಹುಳುಗಳು ಕರಗಿ, ಬುಟ್ಟಿಗಟ್ಟಲೆ ತಿಪ್ಪೆಗೆ ಹೋಗಿದ್ದವು. "ಇಂಗ್ಲಿಷ್ ಮೇಡಂ ಮನೇಲಿ ಮಡಿ ಇಲ್ಲ, ಮೈಲಿಗೆ ಇಲ್ಲ, ಹುಳ ಹೆಂಗ್ ನಿಲ್ತವೆ?" ಎಂದು ನಲ್ಲಿಯ ಹತ್ತಿರ ನನ್ನ ಕಿವಿಗೆ ಬೀಳುವಂತೆಯೇ ಆಡಿಕೊಂಡಿದ್ದರು. ಈ ಸಲ ತೋರಿಸುತ್ತೇನೆ ಎಂದುಕೊಂಡಿದ್ದೆ.

ಶನಿವಾರ ಬೆಳಗ್ಗೆ ಅವಳ ಅಣ್ಣನ ಫೋನು. ನಾನು ಎತ್ತಿಕೊಂಡೆ.

"ಅಮ್ಮಾ, ನಾಯ್ನಂಗೆ ಬಾಗಲೇದು. ಡಾಕ್ಟ್ರು ಮನೇಗೇ ಕರ್ಕೊಂಡ್ಹೋಗಿ ಅಂದ್ಬಿಟ್ರು. ಮಗಳ್ನ ಕರೀರಿ ಕರೀರಿ ಅಂತಾನೆ. ಬಸ್ ಹತ್ತಿಸ್ಬಿಡಿ."

ಸೊಸೆಯನ್ನು ಗೆರೆಯ ಹತ್ತಿರ ಕರೆದೆ. ನಿಮ್ಮಪ್ಪನಿಗೆ ಸ್ವಲ್ಪ ಹುಷಾರಿಲ್ಲವಂತೆ ಅಂದೆ. ಆ 'ಸ್ವಲ್ಪ' ನಾನು ಸೇರಿಸಿದ್ದು. ಅವಳಿಗೆ ಗೊತ್ತಾಗಿಹೋಯಿತು. ಕೈಯಲ್ಲಿದ್ದ ಸೊಪ್ಪಿನ ರೆಂಬೆ ಹಾಗೇ ಇತ್ತು.

"ಈಗ್ಲೇ ಹೋಗಿ ಸಾಯಂಕಾಲಕ್ಕೆ ಬಂದ್ಬಿಡ್ತೀನಿ ಅತ್ತಮ್ಮ. ಮುಖ ನೋಡ್ಕೊಂಡು ಬಂದ್ಬಿಡ್ತೀನಿ, ಅಷ್ಟೇ."

"ನೀನಿರೋವಾಗ್ಲೇ ಏನಾದ್ರೂ ಆದ್ರೆ? ಮೂರು ದಿನ ಸೂತಕ ಕಣೇ. ಒಳಗೆ ಕಾಲಿಡೋ ಹಾಗಿಲ್ಲ. ಸೊಪ್ಪು ಯಾರು ಹಾಕ್ತಾರೆ, ನಾನಾ? ನನ್ನ ಮಂಡಿ ನೋಡಿದ್ದೀಯಲ್ಲ."

"ಒಂದು ದಿನ ಗಡುವು ಕೊಡಿ ಅತ್ತಮ್ಮ."

"ಗುರುವಾರ ಚಂದ್ರಿಕೆ ಏರ್ಲಿ. ಗುರುವಾರವೇ ಬಸ್ ಹತ್ತಿಸ್ತೀನಿ. ಗುರುವಾರ ಡೆಡ್‌ಲೈನ್."

ಅವಳು ಗೆರೆಯನ್ನು ನೋಡಿದಳು. ಒಂದು ಹೆಜ್ಜೆ. ಅಷ್ಟೇ ಅಗಲ ಅದು. ಆಮೇಲೆ ಒಳಗೆ ಹೋಗಿ ಸೊಪ್ಪು ಹಾಕತೊಡಗಿದಳು. ಸಾವಿರಾರು ಹುಳು ಒಟ್ಟಿಗೆ ಮೇಯುವ ಸದ್ದು ಪರೀಕ್ಷೆಯ ಹಾಲಿನಲ್ಲಿ ಎಲ್ಲರೂ ಒಮ್ಮೆಗೇ ಹಾಳೆ ತಿರುವಿದ ಹಾಗಿರುತ್ತದೆ. ನನಗೆ ಬಹಳ ಇಷ್ಟದ ಸದ್ದು.

ಆನೆಸ್ಟ್ಲಿ ಹೇಳುತ್ತೇನೆ, ನನಗೆ ಸೂತಕದಲ್ಲಿ ನಂಬಿಕೆಯಿಲ್ಲ, ಆಗಲೂ ಇರಲಿಲ್ಲ. ಸೂತಕ ನಂಬಿದ್ದವಳು ಅವಳು. ಅವಳ ನಂಬಿಕೆಯನ್ನು ಹಿಡಿದುಕೊಂಡು ನಾನು ಅವಳನ್ನು ಕಟ್ಟಿಹಾಕಿದೆ.

ಸೋಮವಾರ ಬೆಳಗ್ಗೆ ಹತ್ತೂವರೆಗೆ ಮತ್ತೆ ಫೋನು. ಅಣ್ಣ ಫೋನನ್ನು ಪಕ್ಕದವರ ಕೈಗೆ ಕೊಟ್ಟ, ಅವರು ಹೇಳಿದರು. ಸಾಯಂಕಾಲ ಮಣ್ಣು, ಮಗಳು ಬಂದು ಬಾಯಿಗೆ ಅಕ್ಕಿ ಹಾಕಬೇಕು.

ನಮ್ಮ ಹಿರಿಯರಲ್ಲಿ ಒಂದು ಪದ್ಧತಿಯಿತ್ತು. ಸಾವಿನ ಸುದ್ದಿ ಕಿವಿಗೆ ಬಿದ್ದ ಕ್ಷಣದಿಂದ ಸೂತಕ, ಬೀಳುವ ತನಕ ಇಲ್ಲ. ಅದಕ್ಕೇ ನಮ್ಮ ಅತ್ತೆ, ಸುದ್ದಿ ತರುವ ಮನುಷ್ಯ ದೂರದಲ್ಲಿ ಕಂಡರೆ ಜಗಲಿಯಿಂದಲೇ "ಹುಳ ಅವೆ ಕಣಪ್ಪಾ, ಆಮೇಕೆ ಬಾ" ಎಂದು ಕೂಗುತ್ತಿದ್ದರು. ಅವನು ಅರ್ಥ ಮಾಡಿಕೊಂಡು ಹಾಗೇ ತಿರುಗಿ ಹೋಗುತ್ತಿದ್ದ. ಸತ್ತವರು ಯಾರು ಎಂದು ಆಮೇಲೆ ನಿಧಾನವಾಗಿ ತಿಳಿಯುತ್ತಿತ್ತು. ಫೋನು ಕೈಯಲ್ಲಿ ಹಿಡಿದು ಕೂತಾಗ ನನಗೆ ನೆನಪಾದದ್ದು ಇದು. ಹೇಳದಿದ್ದರೆ ಅವಳಿಗೆ ಸೂತಕವಿಲ್ಲ. ಇನ್ನು ಮೂರೇ ದಿನ.

"ಅವಳಿಗೆ ಟೈಫಾಯಿಡ್ ಆಗಿ ಎದ್ದೇಳಕ್ಕಾಗ್ತಿಲ್ಲಪ್ಪ," ಎಂದೆ. "ಮಗನ್ನ ಕಳಿಸ್ತೀನಿ."

ಫೋನು ಕಿಟಕಿಯ ಮೇಲಿಟ್ಟು, ಕಾಲು ತೊಳೆದು, ಗೆರೆ ದಾಟಿ ಒಳಗೆ ಹೋದೆ. ಅವಳ ಮುಖ ನೋಡಿ ಅನುಮಾನ ಬಂದಿದೆಯೋ ಇಲ್ಲವೋ ತಿಳಿದುಕೊಳ್ಳಬೇಕಿತ್ತು. ಅವಳು ಒಂದು ದಪ್ಪ ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದಳು. ಹುಳು ತಲೆಯೆತ್ತಿ ಅಲ್ಲಾಡದೆ ಕೂತಿತ್ತು. ಶನಿವಾರದಿಂದ ನಗದಿದ್ದವಳು ಅವತ್ತು ನಕ್ಕಳು.

"ನೋಡಿ ಅತ್ತಮ್ಮ, ಇವನು ಥೇಟ್ ನಮ್ಮ ನಾಯ್ನ. ತಿನ್ನೋದು, ತಿಂದ್ಬಿಟ್ಟು ತಲೆ ಎತ್ಕೊಂಡು ಯಜಮಾನ್ನಂಗೆ ಕೂರೋದು. ಇನ್ನೂ ಸೊಪ್ಪು ತಗೊಂಬಾಮ್ಮಾ ಅಂತಾನೆ."

ನಾನೂ ನಕ್ಕೆ. ಸುಮ್ಮನೆ ತುಟಿ ಅಲುಗಿಸಲಿಲ್ಲ, ಚೆನ್ನಾಗಿಯೇ ನಕ್ಕೆ.

ಮಗನನ್ನು ಹಿಪ್ಪುನೇರಳೆ ತೋಟಕ್ಕೆ ಹೋಗಿ ಕಂಡೆ. ಅವನು ಕುಡುಗೋಲು ಕೆಳಗಿಟ್ಟ. "ಅವಳ್ಗೆ ಹೇಳ್ದೆ ಹೆಂಗಮ್ಮ?" ಎಂದ. ನಾನು ಅವನನ್ನು ನೋಡುತ್ತಾ ನಿಂತೆ. ಚಿಕ್ಕಂದಿನಲ್ಲಿ ಮಗ್ಗಿ ತಪ್ಪಿದಾಗ ಹಾಗೇ ನಿಲ್ಲುತ್ತಿದ್ದೆ. ಅವನು ಬೈಕ್ ಹತ್ತಿದ. ಶ್ರೀನಿವಾಸಪುರಕ್ಕೆ ಇನ್ನಷ್ಟು ಚಂದ್ರಿಕೆ ಬಾಡಿಗೆಗೆ ಕೇಳಲು ಹೋಗಿದ್ದಾನೆ ಎಂದು ನಾನು ಅವಳಿಗೆ ಹೇಳಿದೆ. ಅವನು ಮಾವನಿಗೆ ಮಣ್ಣು ಹಾಕಿ, ದಾರಿಯ ಬೋರ್‌ವೆಲ್ಲಿನಲ್ಲಿ ತಲೆಗೆ ನೀರು ಹೊಯ್ದುಕೊಂಡು ದೀಪ ಹಚ್ಚುವ ಹೊತ್ತಿಗೆ ಬಂದ.

"ತಲೆ ಯಾಕ್ ಒದ್ದೆ?" ಎಂದು ಕೇಳಿದಳು.

"ಬಿಸ್ಲು ಕಣೇ."

"ಚಂದ್ರಿಕೆ?"

"ಸಿಗ್ಲಿಲ್ಲ."

ಮಂಗಳವಾರ, ಬುಧವಾರ ದಿನಕ್ಕೆ ನಾಲ್ಕು ಸಲ ಗೆರೆಯ ಹತ್ತಿರ ಬಂದು, "ಫೋನ್ ಬಂತಾ ಅತ್ತಮ್ಮ?" ಎಂದು ಕೇಳಿದಳು. ನಾಲ್ಕು ಸಲವೂ ಇಲ್ಲ ಎಂದೆ. ಅವಳೇ ಮಾಡುತ್ತೇನೆ ಅಂದಾಗ, ಹೊರಗೆ ಬಂದು ಫೋನು ಮುಟ್ಟಿದರೆ ಮತ್ತೆ ತಲೆಗೆ ಸ್ನಾನ, ಅಷ್ಟೊತ್ತಿಗೆ ಸೊಪ್ಪು ಬಾಡುತ್ತದೆ ಎಂದೆ. ಅಣ್ಣ ಬುಧವಾರ ಎರಡು ಸಲ ಮಾಡಿದ. ರಿಂಗ್ ಆಗದ ಹಾಗೆ ಮಾಡುವುದು ಹೇಗೆಂದು ನನಗೆ ಮೊದಲೇ ಅವಳೇ ತೋರಿಸಿಕೊಟ್ಟಿದ್ದಳು, ನನ್ನ ಮಧ್ಯಾಹ್ನದ ನಿದ್ದೆ ಕೆಡದಿರಲಿ ಎಂದು.

ಗುರುವಾರ ಬೆಳಗ್ಗೆ ಹುಳು ಹಣ್ಣಾದವು. ಮೈಯೆಲ್ಲ ದ್ರಾಕ್ಷಿಯ ಹಾಗೆ ಹೊಳೆಯುತ್ತಿದ್ದ ಹುಳುಗಳನ್ನು ಅವಳು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಟ್ಟಳು. ಅಂಥ ಬೆಳೆ ನಮ್ಮ ಮನೆಯಲ್ಲಿ ಎಂದೂ ಬಂದಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿಸಿ, ಸ್ನಾನ ಮಾಡಿ, ಹಸಿರು ಸೀರೆ ಉಟ್ಟು ಹೊರಟಳು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಕಳಿತ ಸಪೋಟ ಹಣ್ಣು, ಒಂದು ಪ್ಯಾಕೆಟ್ ಮೆತ್ತನೆಯ ಬಿಸ್ಕತ್ತು. ನಾಯ್ನನಿಗೆ ಹಲ್ಲಿರಲಿಲ್ಲ.

"ಹಸಿರು ಬೇಡ," ಎಂದೆ. "ಬೇರೆ ಸೀರೆ ಉಟ್ಕೋ."

ಅವಳು ನನ್ನ ಮುಖ ನೋಡಿದಳು. ಮಗ ತಲೆ ತಗ್ಗಿಸಿಕೊಂಡು ಬೈಕಿನ ಹತ್ತಿರ ನಿಂತಿದ್ದ. ಅವಳು ಚೀಲವನ್ನು ಜಗಲಿಯ ಮೇಲೆ ನಿಧಾನವಾಗಿ, ಹಣ್ಣು ಒಡೆಯದ ಹಾಗೆ ಇಟ್ಟಳು.

"ಯಾವಾಗ?"

"ಸೋಮವಾರ."

"ಎಷ್ಟೊತ್ತಿಗೆ?"

"ಫೋನ್ ಬಂದಾಗ ಹತ್ತೂವರೆ."

"ಹತ್ತೂವರೇಲಿ ನಾನೇನ್ ಮಾಡ್ತಿದ್ದೆ ಅತ್ತಮ್ಮ?"

ಸುಳ್ಳು ಹೇಳಬಹುದಿತ್ತು. ಅಷ್ಟು ದಿನ ಹೇಳಿದ್ದೆ. ಆದರೆ ಅವಳಿಗೆ ಉತ್ತರ ಗೊತ್ತಿತ್ತು, ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದಳು.

"ಹುಳ ತೋರಿಸ್ತಿದ್ದೆ," ಎಂದೆ.

"ನಗ್ತಿದ್ದೆ."

"ಹೂಂ."

"ನೀವೂ ನಗ್ತಿದ್ರಿ."

ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಮಾತಾಡಿದಳು, ಏನೋ ಲೆಕ್ಕ ಬಿಡಿಸುವವಳ ಹಾಗೆ. "ಸುದ್ದಿ ನನ್ ಕಿವೀಗ್ ಬಿದ್ರೆ ಹುಳ ಸಾಯ್ತವೆ ಅಂತ ಮುಚ್ಚಿಟ್ರಿ. ಸುದ್ದಿ ನಿಮ್ ಕಿವೀಲಿತ್ತು. ಅದನ್ನಿಟ್ಕೊಂಡೇ ಒಳಗೆ ಬಂದ್ರಿ. ಒದ್ದೆ ತಲೇಲಿ ಬಂದ ಇವ್ರು ನಾಯ್ನನ್ನ ಮಣ್ಣು ಮಾಡಿದ್ ಕೈಲಿ ಸೊಪ್ ಕೊಯ್ಕೊಟ್ರು. ಒಂದು ಹುಳ, ಒಂದೇ ಒಂದು ಹುಳ ಸಾಯ್ಲಿಲ್ವಲ್ಲ ಅತ್ತಮ್ಮ?"



ಬೇರೆ ಸೀರೆ ಉಟ್ಟು ಅವಳು ರಾಯಲ್ಪಾಡಿಗೆ ಹೋದಳು. ಹನ್ನೊಂದನೇ ದಿನ ಮುಗಿಸಿ ಬಂದಳು. ಅಲ್ಲಿ ಏನಾಯಿತೆಂದು ನಾನು ಕೇಳದಿದ್ದರೂ, ಅವಳೇ ಒಂದು ಬೆಳಗ್ಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ಹೇಳಿದಳು. ಬಾಗಿಲಲ್ಲೇ ಅಣ್ಣ ನಿಂತಿದ್ದನಂತೆ. ಬಸ್ಸಿನಿಂದಿಳಿದು ಗಟ್ಟಿಮುಟ್ಟಾಗಿ ನಡೆದು ಬಂದವಳನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಾ, ಜ್ವರ ಬಿಡ್ತಾ? ನಾಯ್ನ ಹೋಗೋ ತನ್ಕ ಇತ್ತು, ಹೋದ್ಮೇಲೆ ಬಿಡ್ತಾ?" ಅಂದನಂತೆ. ಸುತ್ತ ನಂಟರು.

"ನೀನೇನಂದೆ?"

"ಬಿಡ್ತು ಅಂದೆ." ಜರಡಿ ತಟ್ಟಿದಳು. "ನಿಜ ಹೇಳಿದ್ರೆ ಅಣ್ಣ ನನ್ನ ಈ ಮನೇಗ್ ಕಳಿಸ್ತಿದ್ನಾ? ಇವ್ರ ಮುಖಕ್ಕುಗೀತಿದ್ದ. ಅದ್ಕೇ ಬಿಡ್ತು ಅಂದೆ. ನಾನು ತಿಂಗ್ಳುಗಟ್ಲೆ ಹೋಗ್ಲಿಲ್ಲ ಅಂದ್ರೂ ಈಗ ಅಲ್ಲಿ ಯಾರೂ ಕೇಳಲ್ಲ."

ಗೂಡುಗಳನ್ನು ಅಷ್ಟರೊಳಗೆ ಮಗ ಮಾರುಕಟ್ಟೆಗೆ ಹಾಕಿ ಬಂದಿದ್ದ. ಅಲ್ಲೂ ತಡ ಮಾಡುವಂತಿಲ್ಲ. ಹತ್ತು ದಿನ ಕಳೆದರೆ ಒಳಗಿನ ಜೀವ ಚಿಟ್ಟೆಯಾಗಿ ಗೂಡು ಕತ್ತರಿಸಿ ಬಂದುಬಿಡುತ್ತದೆ, ಎಳೆ ಹಾಳು. ಅದಕ್ಕೆ ಮೊದಲು ಬಿಸಿ ಹಬೆ ಕೊಟ್ಟು ಒಳಗೇ ಕೊಲ್ಲುತ್ತಾರೆ. ಇಪ್ಪತ್ತೇಳು ದಿನ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದು ಅದಕ್ಕೇ. ಅದೆಲ್ಲ ನಮಗೆ ಮೊದಲಿಂದ ಗೊತ್ತಿದ್ದದ್ದೇ, ಹೊಸತೇನಲ್ಲ.

ಹೋಳೂರಿನ ಕಡೆಯಿಂದ ಮುಂದಿನ ಬೆಳೆಗೆ ಚಾಕಿ ಹುಳು, ಅಂದರೆ ಎಳೆಯ ಮರಿಗಳು ಬಂದ ದಿನ ಅವಳು ಹೊಸ ಗೆರೆ ಹಾಕುತ್ತಿದ್ದಳು. ಬಾಗಿ, ಬೆರಳ ಸಂದಿಯಿಂದ ಪುಡಿಯನ್ನು ಒಂದೇ ಸಮ ಬಿಡುತ್ತಾ ಕೇಳಿದಳು.

"ಅತ್ತಮ್ಮ, ನೀವು ಇದಕ್ಕೆ ಏನೋ ಅಂತಿದ್ರಲ್ಲ. ಡೆಡ್‌ಲೈನು. ಹಂಗಂದ್ರೇನು?"

ಪಾಠ ಹೇಳುವ ಚಟ. ಸೆರೆಮನೆಯ ಕತೆ ಪೂರ್ತಿ ಹೇಳಿದೆ, ಹಲಗೆಯ ಗೆರೆ, ಅಟ್ಟಣೆಯ ಮೇಲಿನ ಕಾವಲುಗಾರ, ತಿಳಿನೀರು ಎಲ್ಲ. ಅವಳು ಗೆರೆಯ ಕೊನೆ ಮುಟ್ಟಿಸಿ ನೆಟ್ಟಗೆ ನಿಂತಳು.

"ನೀರಿಗೆ ಕೈ ಚಾಚಿದೋರ್ಗೂ ಹೊಡೀತಿದ್ರಾ?"

"ಹೂಂ."

"ನೀರಿಗೇ ಕೈ ಚಾಚ್ತಿದಾರೆ ಅಂತ ಮೇಲಿರೋನಿಗೆ ಕಾಣ್ತಿತ್ತಾ?"

"ಕಾಣ್ತಿತ್ತು."

ಕೈಯಲ್ಲಿ ಉಳಿದಿದ್ದ ಪುಡಿ ಕೊಡವಿಕೊಂಡಳು. "ಈ ಸಲದಿಂದ ನೀವು ಒಳಗೆ ಬರ್ಬೇಡಿ ಅತ್ತಮ್ಮ," ಎಂದಳು. ಬಹಳ ಮರ್ಯಾದೆಯಿಂದಲೇ ಅಂದಳು. ಆಮೇಲೆ ಕಿಟಕಿಯ ಮೇಲಿದ್ದ ಫೋನನ್ನು ತೆಗೆದು, ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಗೆರೆ ದಾಟಿ ಒಳಗೆ ಹೋದಳು.

ಆಮೇಲೆ ಮೂರು ಬೆಳೆ ತೆಗೆದಿದ್ದಾಳೆ, ಮೂರೂ ಚೆನ್ನಾಗಿ ಬಂದಿವೆ. ಊಟ ಹೊತ್ತಿಗೆ ಸರಿಯಾಗಿ ಹಾಕುತ್ತಾಳೆ, ನನ್ನ ಮಂಡಿಗೆ ಎಣ್ಣೆ ತಿಕ್ಕುತ್ತಾಳೆ. ನಾನು ಹೊರಗಿನ ಕುರ್ಚಿಯಲ್ಲಿ ಕೂತು ಹುಳು ಮೇಯುವ ಸದ್ದು ಕೇಳುತ್ತೇನೆ.

ಅಕ್ಕನಿಗೆ ಈಗ ಎಂಬತ್ತಾಯಿತು. ನನ್ನ ಜೊತೆ ಇಂಗ್ಲಿಷಿನಲ್ಲಿ ಹರಟುವವಳು, ಆ ವೆರಾಂಡ ನೆನಪಿರುವವಳು, ಅವಳೊಬ್ಬಳೇ ಉಳಿದಿರುವುದು. ಹೋದ ತಿಂಗಳು ಬಿದ್ದು ಸೊಂಟ ಮುರಿದುಕೊಂಡಳು. ದಿನ ಬಿಟ್ಟು ದಿನ ಮಾತಾಡುತ್ತಿದ್ದವಳು ಹನ್ನೆರಡು ದಿನದಿಂದ ಫೋನು ಮಾಡಿಲ್ಲ. ಒಳಗೆ ಹುಳು ನಾಲ್ಕನೇ ಜ್ವರ ಎದ್ದಿವೆ.

ಇವತ್ತು ಬೆಳಗ್ಗೆಯೂ ಗೆರೆಯ ಈಚೆ ನಿಂತು ಕೇಳಿದೆ. "ಮಾಲೂರಿಂದ ಫೋನ್ ಬಂತೇನಮ್ಮಾ?"

ಅವಳು ತಿರುಗಲಿಲ್ಲ. ಸೊಪ್ಪು ಹರಡುತ್ತಲೇ ಇದ್ದಳು.

"ಇಲ್ಲ ಅತ್ತಮ್ಮ," ಎಂದಳು.